ನೊಂದ ಮಗುವಿಗೆ ಸಮುದಾಯದ ಆಸರೆ

ಅಳುವ ಅಥವಾ ಉಣ್ಣಲೊಲ್ಲದ ಮಗುವಿಗೆ ಭೂತ ಪಿಶಾಚಿಗಳ ಹೆಸರು ಹೇಳಿ ಅಂಜಿಸಬಾರದೆಂದು ಚರಕಸಂಹಿತೆಯ ಶಾರೀರಸ್ಥಾನವು ಎಚ್ಚರಿಸುತ್ತದೆ. ಹುಸಿ ಭಯವೇ ಮಗುವಿಗೆ ಕೆಡುಕೆಂದು ಪ್ರಾಚೀನ ವೈದ್ಯರು ಬಗೆದಿದ್ದರೆಂದ ಮೇಲೆ, ನಂಬಿದವರಿಂದಲೇ ಹಿಂಸೆಗೊಳಗಾದ ಮಗುವಿನ ಪಾಡೇನು? ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯವು 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ದೌರ್ಜನ್ಯ ಎಸಗಿದವರಲ್ಲಿ ಅರ್ಧದಷ್ಟು ಮಂದಿ ಮಗುವಿಗೆ ಪರಿಚಿತರು ಅಥವಾ ಅದರ ವಿಶ್ವಾಸಕ್ಕೆ ಪಾತ್ರರಾದವರೇ ಆಗಿದ್ದರು. ಆದುದರಿಂದಲೇ ಮನೆಯ ಹೊರಗೂ ಮಗುವಿಗೆ ಒಂದು ಆಸರೆಯ ತಾಣ ಇರಬೇಕಾಗುತ್ತದೆ.

ಬಾಯಿ ಹೇಳದುದನ್ನು ಅನೇಕ ವೇಳೆ ದೇಹ ಹೇಳುತ್ತದೆ. ಕಾರಣ ಕಾಣದ ಹೊಟ್ಟೆನೋವು, ನಿಂತುಹೋಗಿದ್ದ ಹಾಸಿಗೆಯ ಮೂತ್ರ ಮರುಕಳಿಸುವುದು, ನಿದ್ದೆಯಲ್ಲಿ ಬೆಚ್ಚುವುದು, ಊಟ ಸೇರದಿರುವುದು, ಒಬ್ಬ ವ್ಯಕ್ತಿಯನ್ನು ಕಂಡರೆ ಅಡಗಿಕೊಳ್ಳುವುದು, ಓದಿನಲ್ಲಿ ಥಟ್ಟನೆ ಹಿಂದುಳಿಯುವುದು ಇವು ಗಮನಿಸಬೇಕಾದ ಚಿಹ್ನೆಗಳು. ಇವುಗಳಿಗೆ ಬೇರೆ ಕಾರಣಗಳೂ ಇರಬಹುದು. ಆದರೆ ಜಂತುವಿನ ಔಷಧ ಕೊಟ್ಟು, ದೃಷ್ಟಿ ತೆಗೆದು ಸುಮ್ಮನಾಗುವುದು ತರವಲ್ಲ.

ಅಂಗನವಾಡಿ, ಬಾಲಭವನ, ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳು ಇಂತಹ ಮಕ್ಕಳ ಮೊದಲ ಆಸರೆಯಾಗಬಲ್ಲವು. ಪ್ರತಿದಿನ ಅದೇ ವೇಳೆಗೆ ಆಟ, ಚಿತ್ರ, ಕಥೆ, ಅದೇ ಪರಿಚಿತ ಮುಖ: ಈ ಕ್ರಮಬದ್ಧತೆಯೇ ಬೆದರಿದ ಮನಸ್ಸಿಗೆ ನೆಮ್ಮದಿ ತರುತ್ತದೆ. ಅಲ್ಲಿಯ ಕಾರ್ಯಕರ್ತೆ ತನಿಖೆ ಮಾಡಬೇಕಾಗಿಲ್ಲ. ಮಗು ಹೇಳಿದುದನ್ನು ಆಲಿಸಿ, ನಂಬಿ, ತಕ್ಕವರಿಗೆ ಮುಟ್ಟಿಸಿದರೆ ಸಾಕು.

ಮುಂದಿನ ನೆರವು ಒಂದೇ ಸೂರಿನಡಿ ದೊರೆಯಬೇಕು. ಒಬ್ಬೊಬ್ಬ ಅಧಿಕಾರಿಯ ಮುಂದೆಯೂ ಅದೇ ಸಂಗತಿಯನ್ನು ಹೇಳುವಾಗ ಮಗು ಆ ನೋವನ್ನು ಮತ್ತೆ ಮತ್ತೆ ಅನುಭವಿಸುತ್ತದೆ. ಇದನ್ನು ತಪ್ಪಿಸಲೆಂದೇ ಅಮೆರಿಕದ ಅಲಬಾಮಾ ರಾಜ್ಯದ ಹಂಟ್ಸ್‌ವಿಲ್‌ನಲ್ಲಿ 1985ರಲ್ಲಿ ವೈದ್ಯರು, ಪೊಲೀಸರು, ವಕೀಲರು, ಸಮಾಲೋಚಕರು ಕೂಡಿ ಕೆಲಸ ಮಾಡುವ ಮಕ್ಕಳ ಕೇಂದ್ರವೊಂದು ಆರಂಭವಾಯಿತು. ನಮ್ಮ ದೇಶದಲ್ಲಿ 2015ರಿಂದ ನಡೆದಿರುವ ‘ಸಖಿ’ ಒನ್ ಸ್ಟಾಪ್ ಸೆಂಟರ್‌ಗಳು ಮಹಿಳೆಯರೊಂದಿಗೆ ಹೆಣ್ಣುಮಕ್ಕಳಿಗೂ ಚಿಕಿತ್ಸೆ, ಆಪ್ತಸಮಾಲೋಚನೆ, ಕಾನೂನು ನೆರವು, ತಾತ್ಕಾಲಿಕ ವಸತಿಗಳನ್ನು ಒದಗಿಸುತ್ತವೆ. ಗಂಡುಮಕ್ಕಳೂ ದೌರ್ಜನ್ಯಕ್ಕೆ ಒಳಗಾಗುತ್ತಾರೆಂಬುದನ್ನು ಮರೆಯಲಾಗದು. ಎಲ್ಲ ಮಕ್ಕಳಿಗೂ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿ ಮತ್ತು ಸಹಾಯವಾಣಿ 1098 ಇವೆ. ವಿಚಾರಣೆ ಮುಗಿಯುವವರೆಗೆ ಮಗುವಿನ ಜೊತೆಗಿರಲು ಸಮಿತಿಯು ಬೆಂಬಲ ವ್ಯಕ್ತಿಯನ್ನು ನೇಮಿಸಬಹುದು.

2012ರ ಪೋಕ್ಸೊ ಕಾಯ್ದೆಯು ಮಗುವಿನ ಅಂಜಿಕೆಯನ್ನು ಅರಿತು ರೂಪುಗೊಂಡಿದೆ. ಮಗುವಿನ ಮನೆಯಲ್ಲಿ ಅಥವಾ ಅದು ಬಯಸಿದ ಸ್ಥಳದಲ್ಲಿ, ಸಮವಸ್ತ್ರ ಧರಿಸದ ಅಧಿಕಾರಿ ಹೇಳಿಕೆ ಪಡೆಯಬೇಕು. ರಾತ್ರಿ ವೇಳೆ ಮಗುವನ್ನು ಠಾಣೆಯಲ್ಲಿ ಇರಿಸಕೂಡದು. ಬಾಲಕಿಯ ಪರೀಕ್ಷೆಯನ್ನು ಮಹಿಳಾ ವೈದ್ಯರೇ ನಡೆಸಬೇಕು. ಲೈಂಗಿಕ ದೌರ್ಜನ್ಯ ತಿಳಿದೂ ಪೊಲೀಸರಿಗೆ ತಿಳಿಸದಿರುವುದು ಆರು ತಿಂಗಳವರೆಗಿನ ಸೆರೆವಾಸಕ್ಕೆ ಗುರಿಪಡಿಸಬಲ್ಲ ಅಪರಾಧ. ಹಿರಿಯರು ಕೂಡಿ ‘ಮನೆತನದ ಮರ್ಯಾದೆ’ಗಾಗಿ ರಾಜಿ ಮಾಡಿಸುವುದರಿಂದ ಉಳಿಯುವುದು ಅಪರಾಧಿಯ ಮರ್ಯಾದೆಯೇ ಹೊರತು ಮಗುವಿನ ಬಾಳಲ್ಲ.

ಮನೆಯವರು ಮಾಡಬೇಕಾದುದು ಇಷ್ಟು: “ನೀನು ಹೇಳಿದ್ದು ಒಳ್ಳೆಯದಾಯಿತು, ತಪ್ಪು ನಿನ್ನದಲ್ಲ” ಎನ್ನಬೇಕು. ಕೆದಕಿ ಕೆದಕಿ ಕೇಳಬಾರದು. ಆಸ್ಪತ್ರೆಗೆ ಹೋಗುವ ಮೊದಲು ಸ್ನಾನ ಮಾಡಿಸಬಾರದು, ಬಟ್ಟೆ ಒಗೆಯಬಾರದು. ಸೋಂಕು ತಡೆಯುವ ಕೆಲವು ಔಷಧಗಳನ್ನು 72 ಗಂಟೆಗಳೊಳಗೆ ಆರಂಭಿಸಬೇಕಾದುದರಿಂದ ಮನೆಮದ್ದಿನಲ್ಲಿ ಕಾಲ ಕಳೆಯದೆ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಬೇಕು.

ಗಾಯ ಮಾಯ್ದ ಮೇಲೂ ಮನಸ್ಸಿನ ಚಿಕಿತ್ಸೆ ಉಳಿದಿರುತ್ತದೆ. ಆಯುರ್ವೇದವು ಹೇಳುವ ಮೂರು ಬಗೆಯ ಚಿಕಿತ್ಸೆಗಳಲ್ಲಿ ಸತ್ತ್ವಾವಜಯ, ಎಂದರೆ ಮನಸ್ಸನ್ನು ಅಹಿತದಿಂದ ಹಿಂದೆಗೆದು ನೆಲೆಗೊಳಿಸುವುದೂ ಒಂದು. ಹಾಲು, ತುಪ್ಪ, ನಿಯತ ನಿದ್ದೆ ದೇಹಕ್ಕೆ ಬಲ ಕೊಡಬಲ್ಲವು; ಆದರೆ ತರಬೇತಾದ ಸಮಾಲೋಚಕರ ಕೆಲಸವನ್ನು ಯಾವ ಲೇಹ್ಯವೂ ಮಾಡಲಾರದು. ವಾರಕ್ಕೊಮ್ಮೆ ಸಮಾಲೋಚನೆಗೆ ಹೋಗುವ ಮಗುವನ್ನು ನೆರೆಹೊರೆಯವರು ಬೆರಳು ಮಾಡಿ ತೋರಿಸದಿರುವುದು, ತಮ್ಮ ಮಕ್ಕಳೊಡನೆ ಎಂದಿನಂತೆ ಆಡಲು ಕರೆಯುವುದು ಸಹ ಆ ಚಿಕಿತ್ಸೆಯ ಭಾಗವೇ. ಸದ್ಭಕ್ತರು 1098 ಸಂಖ್ಯೆಯನ್ನು ಮನೆಯ ಕ್ಯಾಲೆಂಡರಿನ ಮೇಲೆ ಬರೆದಿಡಲಿ. ಮಕ್ಕಳಿಗೂ ಬಾಯಿಪಾಠ ಮಾಡಿಸಲಿ.