ನಿನಗೇನು ಬೇಕು ಎಂದು ಕೇಳುವ ಪ್ರಭು



ನಮ್ಮ ಪ್ರಾರ್ಥನಾ ಕೂಟಗಳಲ್ಲಿ "ಕೋರಿಕೆಗಳಿದ್ದರೆ ಹೇಳಿ" ಎಂದಾಗ ಮೊದಲು ಕೇಳಿಬರುವುದು ಲೋಕಶಾಂತಿ, ಜಗದ್ಗುರುಗಳ ಆರೋಗ್ಯ, ಊರಿಗೆ ಮಳೆ ಬೆಳೆ. ಇವೆಲ್ಲ ಬೇಕಾದವೇ. ಆದರೆ ಹಾಗೆ ಕೋರಿದ ತಾಯಿಯ ನಿದ್ದೆ ಕೆಡಿಸಿರುವುದು ಬೇರೆ: ಒತ್ತೆ ಇಟ್ಟ ಬಂಗಾರ, ಮತ್ತೆ ಮತ್ತೆ ಮುರಿದುಬಿದ್ದ ಮಗಳ ಸಂಬಂಧ, ಬೆಂಗಳೂರಿಗೆ ಹೋದ ಮೇಲೆ ಫೋನೇ ಮಾಡದ ಮಗ. ಅದು ಮಾತ್ರ ಬಾಯಿಗೆ ಬರುವುದಿಲ್ಲ. ಯಾಕಮ್ಮಾ ಎಂದು ಕೇಳಿದರೆ ಸಿಗುವ ಉತ್ತರ ಹೆಚ್ಚುಕಡಿಮೆ ಒಂದೇ: "ನಮ್ಮ ಆಸೆ ಎಲ್ಲಾ ದೇವರ ಮುಂದ ಹೇಳೋದು ಸ್ವಾರ್ಥ ಅಲ್ಲೇನ್ರಿ ಫಾದರ್? ಅವರ ಚಿತ್ತ ಇದ್ದಂಗ ಆಗ್ಲಿ."

ಕೇಳಲು ಇದು ದೀನತೆಯ ಮಾತು. ಆದರೆ ಇದು ವಿಶ್ವಾಸವೇ, ಅಥವಾ ಕೇಳಿ ನಿರಾಶರಾಗುವ ಭಯವೇ? ಈ ತಿಂಗಳ ಪಾಠದಲ್ಲಿ ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ.

ಆಸೆಯೇ ದುಃಖಕ್ಕೆ ಮೂಲ ಎಂಬ ಮಾತನ್ನು ನಾವು ಚಿಕ್ಕಂದಿನಿಂದ ಕೇಳಿದ್ದೇವೆ. ನಮ್ಮ ನಾಡಿನ ಹಿರಿಯರು ಕಂಡುಂಡು ಹೇಳಿದ ಮಾತು ಅದು, ಹಗುರವಾಗಿ ತಳ್ಳಿಹಾಕುವಂಥದ್ದಲ್ಲ. ಆದರೆ ನಮ್ಮ ಕನ್ನಡದಲ್ಲೇ ಇನ್ನೊಂದು ಪದವಿದೆ, ಬಯಕೆ. ಬಸುರಿ ಹೆಂಗಸಿಗೆ ಹುಣಸೆಕಾಯಿ ಬೇಕೆನಿಸಿದರೆ ಅದನ್ನು ಬಯಕೆ ಎನ್ನುತ್ತೇವೆ. ಮನೆಯವರು ಬೈಯುವುದಿಲ್ಲ, ಎಲ್ಲಿದ್ದರೂ ಹುಡುಕಿ ತಂದುಕೊಡುತ್ತಾರೆ. ಒಳಗೊಂದು ಜೀವ ಬೆಳೆಯುತ್ತಿದೆ ಎಂದು ಅವರಿಗೆ ಗೊತ್ತು. ಗಾದೆಯೂ ಗತಿ ಕೆಡಿಸುವುದು ಅತಿಯಾಸೆ ಎನ್ನುತ್ತದೆಯೇ ಹೊರತು ಆಸೆ ಎನ್ನುವುದಿಲ್ಲ.

ಧರ್ಮಸಭೆಯ ಬೋಧನೆಯೂ ಇದಕ್ಕೆ ಹತ್ತಿರದ್ದೇ. 1992ರಲ್ಲಿ ಹೊರಬಂದ ಕಥೋಲಿಕ ಧರ್ಮಸಭೆಯ ಸತ್ಯೋಪದೇಶ ಗ್ರಂಥ, ಹತ್ತನೆಯ ಕಟ್ಟಳೆಯನ್ನು ವಿವರಿಸುವಲ್ಲಿ (2535), ಹಸಿದವನಿಗೆ ಊಟ ಬೇಕೆನಿಸುವುದು, ಚಳಿಯಲ್ಲಿದ್ದವನಿಗೆ ಬೆಂಕಿ ಕಾಯಿಸಿಕೊಳ್ಳಬೇಕೆನಿಸುವುದು ತಮ್ಮಷ್ಟಕ್ಕೆ ಒಳ್ಳೆಯ ಬಯಕೆಗಳೇ ಎಂದು ಕಲಿಸುತ್ತದೆ. ಅವು ಮಿತಿ ಮೀರಿ, ಮತ್ತೊಬ್ಬನಿಗೆ ಸೇರಿದ್ದರ ಮೇಲೆ ಅನ್ಯಾಯವಾಗಿ ಕಣ್ಣು ಹಾಕುವಾಗ ಪಾಪದ ದಾರಿ ಹಿಡಿಯುತ್ತವೆ. ಹೊಸ ಹೊಲ ಬೇಕೆನ್ನುವುದು ತಪ್ಪಲ್ಲ. ಅಣ್ಣನ ಪಾಲಿನ ಹೊಲವೇ ಬೇಕು ಎನ್ನುವಲ್ಲಿ ತೊಂದರೆ ಶುರು. ಇಷ್ಟು ನಮಗೆ ಗೊತ್ತಿದ್ದದ್ದೇ, ಮುಂದೆ ಹೋಗೋಣ.

ಸಂತ ಮಾರ್ಕನ ಶುಭಸಂದೇಶದ ಹತ್ತನೆಯ ಅಧ್ಯಾಯದ ಕೊನೆಯ ಭಾಗವನ್ನು (35ರಿಂದ 52) ಒಂದೇ ಸಲಕ್ಕೆ ಓದಿ ನೋಡಿ. ಯೇಸುಸ್ವಾಮಿ ಅಲ್ಲಿ ಒಂದೇ ಪ್ರಶ್ನೆಯನ್ನು ಎರಡು ಸಲ ಕೇಳುತ್ತಾರೆ. ಮೊದಲು ಜೆಬೆದಾಯನ ಮಕ್ಕಳಾದ ಯಕೋಬ ಮತ್ತು ಯೊವಾನ್ನರಿಗೆ, ಆಮೇಲೆ ಜೆರಿಕೋ ದಾರಿಯ ಬದಿಯಲ್ಲಿ ಭಿಕ್ಷೆ ಬೇಡುತ್ತಿದ್ದ ಕುರುಡ ಬಾರ್ತಿಮಾಯನಿಗೆ. ನನ್ನಿಂದ ಏನಾಗಬೇಕು, ನಿಮಗೇನು ಬೇಕು ಎಂಬುದೇ ಆ ಪ್ರಶ್ನೆ. ಕುರುಡನಿಗೆ ಏನು ಬೇಕೆಂದು ಅಲ್ಲಿದ್ದ ಮಕ್ಕಳಿಗೂ ಗೊತ್ತಿತ್ತು, ಸ್ವಾಮಿಗೆ ಗೊತ್ತಿರಲಿಲ್ಲವೇ? ಆದರೂ ಕೇಳಿದರು. ಅವನ ಬಾಯಿಂದಲೇ ಬರಲಿ ಎಂದು ಕಾದರು.

ಶಿಷ್ಯರಿಬ್ಬರು ಕೇಳಿದ್ದು ಮಹಿಮೆಯ ಸಿಂಹಾಸನದ ಎಡಬಲದ ಜಾಗಗಳನ್ನು. ಸ್ವಾಮಿ ಅವರನ್ನು ಗದರಿಸಿ ಕಳಿಸಲಿಲ್ಲ ಎಂಬುದನ್ನು ಗಮನಿಸಿ. ಸಿಟ್ಟಾದವರು ಉಳಿದ ಹತ್ತು ಮಂದಿ. ಅವರ ಮನಸ್ಸಿನಲ್ಲೂ ಅದೇ ಆಸೆ ಇತ್ತೋ ಏನೋ. ಸ್ವಾಮಿ ಆ ಬಯಕೆಯನ್ನು ಕೈಗೆತ್ತಿಕೊಂಡು, ನೀವು ಏನು ಕೇಳುತ್ತಿದ್ದೀರೆಂದು ನಿಮಗೇ ಗೊತ್ತಿಲ್ಲ ಎಂದು ತಿಳಿಸಿ, ದೊಡ್ಡವನಾಗಬೇಕೆನ್ನುವವನು ಸೇವಕನಾಗಲಿ ಎಂಬ ಪಾಠ ಕೊಟ್ಟರು. ಆ ಇಬ್ಬರೂ ಬಾಯಿ ಮುಚ್ಚಿಕೊಂಡಿದ್ದರೆ ಪಾಠವೂ ಸಿಗುತ್ತಿರಲಿಲ್ಲ, ಆಸೆಯೂ ಒಳಗೊಳಗೇ ಕೊಳೆಯುತ್ತಿತ್ತು. ದೇವರ ಮುಂದೆ ಹೇಳದ ಬಯಕೆಯನ್ನು ದೇವರು ತಿದ್ದುವುದಾದರೂ ಹೇಗೆ?

"ಚಿತ್ತ ಇದ್ದಂಗ ಆಗ್ಲಿ" ಎನ್ನುವವರು ಗೆತ್ಸೆಮನಿ ತೋಟವನ್ನು ನೆನೆಯುತ್ತಾರೆ. ಸರಿಯಾದ ಜಾಗವನ್ನೇ ನೆನೆಯುತ್ತಾರೆ, ಆದರೆ ಅರ್ಧ ಮಾತ್ರ. ಅಲ್ಲಿ ಯೇಸುಸ್ವಾಮಿ ಮೊದಲು ತಮ್ಮ ಬಯಕೆಯನ್ನು ಹೇಳಿದರು: ಈ ಪಾತ್ರೆ ತಮ್ಮಿಂದ ತೊಲಗಲಿ ಎಂದು ಅಪ್ಪನನ್ನು ಬೇಡಿಕೊಂಡರು. ಪಿತನ ಚಿತ್ತಕ್ಕೆ ಒಪ್ಪಿಸಿಕೊಂಡದ್ದು ಅದಾದ ಮೇಲೆ. ಬೆವರು ರಕ್ತದ ಹನಿಗಳಂತೆ ಸುರಿಯಿತೆಂದು ಸಂತ ಲೂಕ ಬರೆಯುತ್ತಾನೆ. ಒಪ್ಪಿಸಲು ಕೈಯಲ್ಲಿ ಏನಾದರೂ ಇರಬೇಕಲ್ಲವೇ? ನನಗೆ ಇದು ಬೇಕಿತ್ತು ಎಂದು ಹೇಳಿದವನೇ ಅದನ್ನು ಬಿಟ್ಟುಕೊಡಬಲ್ಲ. ಏನೂ ಬೇಡ ಎಂದು ಮೊದಲೇ ಕೈ ಮಡಚಿ ಕೂತವನು ಒಪ್ಪಿಸುವುದೇನು?

ಹಾಗೆಂದು ಕೇಳುವ ರೀತಿಯೆಲ್ಲ ಒಂದೇ ಅಲ್ಲ. ನಮ್ಮವರು ಗುಣದಲ ಮಾತೆಗೆ, ವೇಳಾಂಕಣಿ ಆರೋಗ್ಯಮಾತೆಗೆ ಹರಕೆ ಹೊರುತ್ತಾರೆ. ಹೊರಲಿ, ಒಳ್ಳೆಯದೇ. ಆದರೆ ಕೆಲವರ ಹರಕೆ ಆದೋನಿ ಯಾರ್ಡಿನಲ್ಲಿ ಹತ್ತಿಗೆ ರೇಟು ಕುದುರಿಸಿದ ಹಾಗೆ ಇರುತ್ತದೆ: ಇಷ್ಟು ಕೊಟ್ಟರೆ ಇಷ್ಟು ಕೊಡುತ್ತೇನೆ, ಸಿಗದಿದ್ದರೆ ಮುಂದಿನ ಸಲ ಬೇರೆ ಕಡೆ. ಮಗು ಅಮ್ಮನ ಸೆರಗು ಹಿಡಿದು ಕೇಳುತ್ತದೆ, ರೇಟು ಕುದುರಿಸುವುದಿಲ್ಲ. ಹನ್ನಳು ಮಗನಿಗಾಗಿ ಶಿಲೋವಿನಲ್ಲಿ ಹರಕೆ ಹೊತ್ತಳು, ನಿಜ. ಆದರೆ ಅವಳ ಮಾತಿಗೆ ಮುಂಚೆ ಅವಳ ಅಳು ಇತ್ತು. ಏಲಿ ಅವಳನ್ನು ಕುಡಿದವಳೆಂದು ತಿಳಿಯುವಷ್ಟು ಅವಳು ದೇವರ ಮುಂದೆ ಹೃದಯ ಸುರಿದಿದ್ದಳು.

ಈಗ ಕೇಳಿಯೂ ಸಿಗದ ಬಯಕೆಗಳ ವಿಷಯ. ಕೋಸಿಗಿ, ಕೌತಾಳ, ಹೊಳಗುಂದದ ಕಡೆಯವರಿಗೆ ಗುಳೆ ಎಂದರೆ ಏನೆಂದು ಹೇಳಬೇಕಿಲ್ಲ. ಮಳೆ ಕೈಕೊಟ್ಟರೆ ಮೆಣಸಿನಕಾಯಿ ಬಿಡಿಸಲು ಗುಂಟೂರಿನ ಕಡೆಗೆ, ಕಟ್ಟಡದ ಕೆಲಸಕ್ಕೆ ಬೆಂಗಳೂರಿಗೆ ಹೋಗಬೇಕು. ಮನೆಯಲ್ಲಿ ಉಳಿದ ಮುದುಕಿಗೆ ಇರುವುದು ಒಂದೇ ಆಸೆ, ಮಗ ಊರು ಬಿಟ್ಟು ಹೋಗದಿರಲಿ. ಇದೇ ಆಸೆಯನ್ನು ಹೊತ್ತ ಇನ್ನೊಬ್ಬ ತಾಯಿ ಉತ್ತರ ಆಫ್ರಿಕಾದಲ್ಲಿದ್ದಳು.

ಸಂತ ಮೋನಿಕಳ ಮಗ ಅಗಸ್ಟೀನ್ 383ರಲ್ಲಿ ಕಾರ್ಥೇಜ್ ಬಿಟ್ಟು ರೋಮಿಗೆ ಹೊರಟ. ತಾಯಿ ಬೆನ್ನು ಬಿಡಲಿಲ್ಲ. ಹೋಗಬೇಡ, ಹೋದರೆ ನನ್ನನ್ನೂ ಕರೆದುಕೊಂಡು ಹೋಗು ಎಂದು ಹಿಡಿದುಕೊಂಡಳು. ಮಗ ಸುಳ್ಳು ಹೇಳಿದ. ಗೆಳೆಯನನ್ನು ಹಡಗು ಹತ್ತಿಸಿ ಬರುತ್ತೇನೆಂದು ನಂಬಿಸಿ, ಬಂದರಿನ ಹತ್ತಿರವೇ ಇದ್ದ ಸಂತ ಸಿಪ್ರಿಯನ್ನನ ಗುಡಿಯಲ್ಲಿ ಆ ರಾತ್ರಿ ತಂಗಲು ಅವಳನ್ನು ಒಪ್ಪಿಸಿದ. ಅವಳು ಅಲ್ಲಿ ಅಳುತ್ತಾ ಪ್ರಾರ್ಥಿಸಿದಳು. ಅವನು ಅದೇ ರಾತ್ರಿ ಹೊರಟುಹೋದ. ಬೆಳಿಗ್ಗೆ ದಡದಲ್ಲಿ ಅವಳ ರೋದನ. ಮುಂದೆ ತನ್ನ ಆತ್ಮಕಥನದ ಐದನೆಯ ಪುಸ್ತಕದಲ್ಲಿ ಅಗಸ್ಟೀನ್ ಆ ರಾತ್ರಿಯನ್ನು ನೆನೆದು, ತಾಯಿ ಆಗ ಬೇಡಿದ್ದನ್ನು ದೇವರು ಕೊಡದೇ ಹೋದದ್ದು, ಅವಳು ಯಾವಾಗಲೂ ಬೇಡುತ್ತಿದ್ದುದನ್ನು ಕೊಡುವುದಕ್ಕಾಗಿ ಎಂಬ ಅರ್ಥದಲ್ಲಿ ಬರೆಯುತ್ತಾನೆ. ರೋಮಿನಿಂದ ಮಿಲಾನಿಗೆ ಹೋದ ಅವನು ಅಲ್ಲಿ ಸಂತ ಅಂಬ್ರೋಸರ ಪ್ರಬೋಧನೆ ಕೇಳಿದ. 387ರ ಪಾಸ್ಖದಂದು ಅವರ ಕೈಯಿಂದಲೇ ಜ್ಞಾನಸ್ನಾನ ಪಡೆದ.

ಈ ಕಥೆಯಲ್ಲಿ ನಾವು ಅಷ್ಟಾಗಿ ಹೇಳದ ಒಂದು ಭಾಗವಿದೆ. ತನ್ನನ್ನು ತಗಾಸ್ತೆಯಲ್ಲಿ ಗಂಡನ ಪಕ್ಕದಲ್ಲೇ ಮಣ್ಣು ಮಾಡಬೇಕೆಂದು ಮೋನಿಕ ಬಹಳ ಆಸೆಪಟ್ಟಿದ್ದಳು, ಜಾಗವನ್ನೂ ಸಿದ್ಧಮಾಡಿಸಿದ್ದಳು. ಅದೇ 387ರಲ್ಲಿ, ಊರಿಗೆ ಮರಳುವ ದಾರಿಯಲ್ಲಿ, ಓಸ್ತಿಯಾ ಬಂದರಿನಲ್ಲಿ ಕಾಯಿಲೆ ಬಿದ್ದಾಗ ಅವಳೇ ಅದನ್ನು ಬಿಟ್ಟುಕೊಟ್ಟಳು. ಈ ದೇಹವನ್ನು ಎಲ್ಲಿ ಬೇಕಾದರೂ ಇಡಿ, ಬಲಿಪೀಠದ ಬಳಿ ನನ್ನನ್ನು ನೆನೆದರೆ ಸಾಕು ಎಂಬುದು ಅವಳ ಕೋರಿಕೆಯಾಯಿತು. ಅವಳನ್ನು ಯಾರೂ ಒತ್ತಾಯಿಸಲಿಲ್ಲ. ವರ್ಷಗಟ್ಟಲೆ ದೇವರ ಮುಂದೆ ಅತ್ತು ಕೇಳಿದ್ದ ಹೆಂಗಸಿಗೆ, ಯಾವ ಬಯಕೆ ಬಿಡಬಹುದು, ಯಾವುದು ಬಿಡಬಾರದು ಎಂಬುದು ಕೊನೆಗೆ ತಾನಾಗಿ ತಿಳಿದಿತ್ತು.

ಎಲ್ಲರಿಗೂ ಮೋನಿಕಳಿಗೆ ಸಿಕ್ಕ ಉತ್ತರ ಸಿಗುತ್ತದೆ ಎಂದು ನಾನು ಹೇಳಲಾರೆ. ಸಂತ ಪೌಲನು ತನ್ನ ಶರೀರದ ಮುಳ್ಳನ್ನು ತೆಗೆಯಿರೆಂದು ಮೂರು ಸಲ ಬೇಡಿದ. ಮುಳ್ಳು ಹೋಗಲಿಲ್ಲ, ನನ್ನ ಕೃಪೆ ಸಾಕು ಎಂಬ ಉತ್ತರ ಬಂತು. ಗೆತ್ಸೆಮನಿಯ ಪಾತ್ರೆಯೂ ತೊಲಗಲಿಲ್ಲ. ಆದ್ದರಿಂದ ಮಗು ಕಳೆದುಕೊಂಡ ಮನೆಗೆ ಹೋದಾಗ "ದೇವರ ಚಿತ್ತ" ಎಂದು ನಾವು ಬಾಗಿಲಲ್ಲೇ ಹೇಳಿಬಿಡುವುದು ಬೇಡ. ಪಕ್ಕದಲ್ಲಿ ಕೂತರೆ ಸಾಕು. ಆ ಮಾತನ್ನು ಹೇಳುವುದಿದ್ದರೆ ಅವರೇ, ತಮ್ಮ ಕಾಲ ಬಂದಾಗ, ಹೇಳಿಕೊಳ್ಳುತ್ತಾರೆ.

ಯಾವ ಬಯಕೆ ದೇವರ ಕಡೆಗೆ ಒಯ್ಯುತ್ತದೆ, ಯಾವುದು ಒಯ್ಯುವುದಿಲ್ಲ ಎಂದು ತಿಳಿಯುವುದು ಹೇಗೆ? ಇಲ್ಲಿ ನಮಗೆ ಗುರು ಸಂತ ಇಗ್ನೇಷಿಯಸ್ ಲೊಯೋಲಾ. 1521ರಲ್ಲಿ ಪಾಂಪ್ಲೋನಾ ಕೋಟೆಯ ಕಾಳಗದಲ್ಲಿ ಫಿರಂಗಿ ಗುಂಡು ಕಾಲು ಮುರಿದಾಗ ಅವರು ತಿಂಗಳುಗಟ್ಟಲೆ ಮನೆಯಲ್ಲಿ ಮಲಗಬೇಕಾಯಿತು. ಓದಲು ಕೇಳಿದ್ದು ವೀರರ ಪ್ರಣಯದ ಕಥೆಗಳನ್ನು. ಮನೆಯಲ್ಲಿ ಸಿಕ್ಕಿದ್ದು ಕ್ರಿಸ್ತರ ಜೀವನ ಮತ್ತು ಸಂತರ ಚರಿತ್ರೆ. ಒಬ್ಬ ದೊಡ್ಡ ಮನೆತನದ ಹೆಂಗಸಿನ ಮನಸ್ಸು ಗೆಲ್ಲುವ ಕನಸು ಕಾಣುತ್ತಾ ಗಂಟೆಗಟ್ಟಲೆ ಕಳೆಯುತ್ತಿದ್ದರು, ಮಧ್ಯೆ ಸಂತರ ಹಾಗೆ ಬರಿಗಾಲಲ್ಲಿ ಜೆರುಸಲೇಮಿಗೆ ಹೋಗುವ ಕನಸೂ ಬರುತ್ತಿತ್ತು. ಕಾಣುವಾಗ ಎರಡೂ ಸಿಹಿ. ಮೊದಲನೆಯದು ಮುಗಿದ ಮೇಲೆ ಮನಸ್ಸು ಒಣಗುತ್ತಿತ್ತು, ಎರಡನೆಯದು ಮುಗಿದ ಮೇಲೂ ಸಂತೋಷ ಉಳಿಯುತ್ತಿತ್ತು. ಈ ವ್ಯತ್ಯಾಸ ಗುರುತಿಸಿದ್ದರಿಂದಲೇ ಅವರ ಜೀವನ ತಿರುಗಿತು. ಮುಂದೆ ಅವರು ಬರೆದ 'ಆಧ್ಯಾತ್ಮಿಕ ಸಾಧನೆಗಳು' ಕೃತಿಯಲ್ಲಿ ಪ್ರತಿ ಧ್ಯಾನದ ಆರಂಭದಲ್ಲೂ, ನಾನು ಬಯಸುವುದನ್ನು ದೇವರಲ್ಲಿ ಕೇಳಬೇಕು ಎಂಬ ಸೂಚನೆ ಇಟ್ಟರು.

ಮೊದಲ ಮಳೆ ಬಿದ್ದ ಕೂಡಲೇ ನಮ್ಮ ಜಿಲ್ಲೆಯ ತುಗ್ಗಲಿ, ಜೊನ್ನಗಿರಿ ಕಡೆಯ ಹೊಲಗಳಲ್ಲಿ ವಜ್ರ ಹುಡುಕುವವರನ್ನು ನೀವು ಬಲ್ಲಿರಿ. ದೂರದೂರುಗಳಿಂದ ಬುತ್ತಿ ಕಟ್ಟಿಕೊಂಡು ಬಂದು, ಬೆನ್ನು ಬಗ್ಗಿಸಿ, ತೊಳೆದ ಮಣ್ಣಿನಲ್ಲಿ ಮಿನುಗುವ ಪ್ರತಿಯೊಂದು ಕಲ್ಲನ್ನೂ ಎತ್ತಿ ನೋಡುತ್ತಾರೆ. ಹೊಲದಲ್ಲಿ ಹೂತಿಟ್ಟ ನಿಧಿಯ, ಮುತ್ತು ಹುಡುಕುವ ವ್ಯಾಪಾರಿಯ ಸಾಮತಿ ಹೇಳಿದ ಸ್ವಾಮಿ ಇವರನ್ನು ನೋಡಿ ನಗುತ್ತಿರಲಿಲ್ಲ ಎಂದು ನನಗನಿಸುತ್ತದೆ. ತಮಗೇನು ಬೇಕೆಂದು ಇವರಿಗೆ ಗೊತ್ತು. ಇವರಿಂದ ಕಲಿಯಬೇಕಾದದ್ದು ಎತ್ತಿ ನೋಡುವ ಆ ತಾಳ್ಮೆ: ಬಯಕೆಯನ್ನೂ ಹಾಗೆಯೇ ಕೈಗೆತ್ತಿಕೊಂಡು, ತಿರುಗಿಸಿ, ಬೆಳಕಿಗೆ ಹಿಡಿದು ನೋಡಬೇಕು. ಮಿನುಗಿದ್ದೆಲ್ಲ ವಜ್ರವಲ್ಲ, ನೋಡದೇ ಬಿಸಾಡಿದರೆ ವಜ್ರವೂ ಹೋಗುತ್ತದೆ.

ನಮ್ಮ ನಡುವೆಯೇ ಇರುವ ಒಂದು ಬಯಕೆಯನ್ನು ಹೀಗೆ ಎತ್ತಿ ನೋಡೋಣ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆ ಒಡೆದು ಆದೋನಿ, ಆಲೂರು ತಾಲ್ಲೂಕುಗಳು ಆಂಧ್ರಕ್ಕೆ ಸೇರಿದವು. ಮನೆಮಾತು ಕನ್ನಡವಾಗಿಯೇ ಉಳಿಯಿತು, ಸುತ್ತಲಿನದು ತೆಲುಗಾಯಿತು. ಕನ್ನಡದಲ್ಲಿ ಪ್ರಾರ್ಥಿಸಬೇಕು, ಕನ್ನಡದಲ್ಲಿ ಪಾಪನಿವೇದನೆ ಮಾಡಬೇಕು ಎಂದು ನಮ್ಮ ಹಿರಿಯರು ಬಯಸಿದರೆ, "ದೇವರಿಗೆ ಯಾವ ಭಾಷೆಯಾದರೇನು" ಎನ್ನುವವರಿದ್ದಾರೆ. ದೇವರಿಗೆ ಎಲ್ಲ ಭಾಷೆಯೂ ಒಂದೇ, ಒಪ್ಪೋಣ. ಅಳುವವರಿಗೆ ಒಂದೇ ಅಲ್ಲ. ಪಂಚಾಶತ್ತಮ ದಿನದಂದು ನೆರೆದವರೆಲ್ಲ ಕೇಳಿಸಿಕೊಂಡದ್ದು ತಮ್ಮ ತಮ್ಮ ಭಾಷೆಯಲ್ಲೇ. 1963ರ ಡಿಸೆಂಬರ್ 4ರಂದು ದ್ವಿತೀಯ ವ್ಯಾಟಿಕನ್ ಮಹಾಸಭೆ ಪೂಜಾವಿಧಿಯ ಸಂವಿಧಾನವನ್ನು ಘೋಷಿಸಿ, ಜನರ ಭಾಷೆಗೆ ಬಲಿಪೂಜೆಯಲ್ಲಿ ಬಾಗಿಲು ತೆರೆಯಿತು. ಹಾಗಾಗಿ ಈ ಬಯಕೆಯನ್ನು ನಾಚದೆ ಹೇಳಬಹುದು, ಗುರುಗಳಲ್ಲೂ ದೇವರಲ್ಲೂ. ಆಮೇಲೆ ಇಗ್ನೇಷಿಯಸರ ಪರೀಕ್ಷೆ. ಅದನ್ನು ನೆನೆದಾಗ ಅಜ್ಜಿ ಕಲಿಸಿದ ಜಪಸರ ನೆನಪಾಗಿ ಮನಸ್ಸು ಮೆದುವಾಗುತ್ತದೆಯೇ? ಅಥವಾ ಪಕ್ಕದ ಬೆಂಚಿನಲ್ಲಿ ತೆಲುಗಿನಲ್ಲಿ ಹಾಡುವ ಸಹೋದರನ ಮೇಲೆ ಮುನಿಸು ಏಳುತ್ತದೆಯೇ? ಒಂದೇ ಬಯಕೆ ಸೋಮವಾರ ಒಂದು ರೀತಿ, ಭಾನುವಾರ ಇನ್ನೊಂದು ರೀತಿ ಇರಬಹುದು. ಅದಕ್ಕೇ ಪ್ರತಿ ಸಲವೂ ಎತ್ತಿ ನೋಡಬೇಕು.

ಈ ತಿಂಗಳ ಕೂಟಕ್ಕೆ ಒಂದು ಸಣ್ಣ ಕೆಲಸ. ಮಾರ್ಕನ ಆ ಭಾಗವನ್ನು ಒಬ್ಬರು ಗಟ್ಟಿಯಾಗಿ ಓದಲಿ. ಸ್ವಾಮಿಯ ಪ್ರಶ್ನೆ ಬಂದ ಎರಡೂ ಕಡೆ ಓದುವುದನ್ನು ಸ್ವಲ್ಪ ಹೊತ್ತು ನಿಲ್ಲಿಸಲಿ. ಆ ಮೌನದಲ್ಲಿ ಪ್ರತಿಯೊಬ್ಬರೂ ತಮ್ಮ ನಿಜವಾದ ಬಯಕೆಯನ್ನು, ಹೆಸರು ಹಿಡಿದು, ಮನೆಯಲ್ಲಿ ಆಡುವ ಮಾತಿನಲ್ಲೇ ದೇವರಿಗೆ ಹೇಳಲಿ. ಉಳಿದವರ ಮುಂದೆ ಹೇಳಲೇಬೇಕೆಂದಿಲ್ಲ. ಲೋಕಶಾಂತಿಗಾಗಿ ಆಮೇಲೆ ಎಲ್ಲರೂ ಸೇರಿ ಪ್ರಾರ್ಥಿಸಿ.