ಮೊಣಕಾಲಿನ ಬಾವು, ಮನಸ್ಸಿನ ಭಾರ

ಕೈಗೆ ಕುಡಗೋಲು ತಾಗಿದರೆ ರಕ್ತ ಬರುತ್ತದೆ. ಸ್ವಲ್ಪ ಹೊತ್ತಿಗೆ ಹೆಪ್ಪುಗಟ್ಟಿ ನಿಲ್ಲುತ್ತದೆ. ಕೆಲವರಿಗೆ ಬೇಗ ನಿಲ್ಲುವುದಿಲ್ಲ. ರಕ್ತ ಹೆಪ್ಪುಗಟ್ಟಿಸುವ ಒಂದು ಅಂಶ ಅವರಲ್ಲಿ ಕಡಿಮೆ ಇರುತ್ತದೆ. ಈ ರೋಗದ ಹೆಸರು ಹಿಮೋಫಿಲಿಯಾ. ಇದು ಹುಟ್ಟಿನಿಂದ ಬರುತ್ತದೆ. ಅಂಟುರೋಗವಲ್ಲ. ಹೆಚ್ಚಾಗಿ ಗಂಡಸರಲ್ಲಿ ಕಾಣುತ್ತದೆ.

ಗಾಯವಿಲ್ಲದೆಯೂ ಕೀಲಿನೊಳಗೆ ರಕ್ತ ಸೋರಬಹುದು. ಮೊಣಕಾಲು ಬಾಯುತ್ತದೆ. ಪದೇ ಪದೇ ಹೀಗಾದರೆ ಕೀಲು ಸವೆಯುತ್ತದೆ. ನಡೆಯುವುದು ಕಷ್ಟವಾಗುತ್ತದೆ.

ಆಗ ಕೆಲಸ ತಪ್ಪುತ್ತದೆ. ಸಾಲ ಬೆಳೆಯುತ್ತದೆ. ನೋವು ರಾತ್ರಿ ನಿದ್ದೆ ಕೆಡಿಸುತ್ತದೆ. “ಮನೀಗೆ ನಾ ಭಾರ ಆದೆ” ಅನ್ನಿಸುತ್ತದೆ. ನಮ್ಮ ಮಾಳಮಡ್ಡಿಯ ಓಣಿಯಲ್ಲಾಗಲಿ, ಹಳ್ಳಿಯಲ್ಲಾಗಲಿ, ಜನ ಇಂಥವರಿಗೆ “ಮೈಗಳ್ಳ” ಅಂದುಬಿಡ್ತಾರೆ. ಅದು ಮೈಗಳ್ಳತನ ಅಲ್ರೀ. ಅದು ಖಿನ್ನತೆ ಇರಬಹುದು. ಖಿನ್ನತೆಯೂ ಒಂದು ಕಾಯಿಲೆ. ಅದಕ್ಕೂ ಔಷಧ ಉಂಟು.

ಖಿನ್ನತೆ ಗುರುತಿಸುವುದು ಹೇಗೆ? ಎರಡು ವಾರವಾದರೂ ಬೇಸರ ಹೋಗುವುದಿಲ್ಲ. ಊಟ, ನಿದ್ದೆ ಕೆಡುತ್ತವೆ. ಯಾರೊಡನೆಯೂ ಮಾತು ಬೇಡ ಅನ್ನಿಸುತ್ತದೆ. ಸೂಜಿಮದ್ದಿಗೂ ಹೋಗುವುದಿಲ್ಲ.

ತಾಯಿಯ ಮನಸ್ಸೂ ನೋಯುತ್ತದೆ. “ನನ್ನಿಂದ ಮಗನಿಗೆ ಬಂತು” ಎಂದು ಅಳುತ್ತಾಳೆ. ಅಕ್ಕಂದಿರೇ, ಇದು ತಾಯಿಯ ತಪ್ಪಲ್ಲ, ಪಾಪದ ಫಲವೂ ಅಲ್ಲ. ಮನೆತನದಲ್ಲಿ ಯಾರಿಗೂ ಇಲ್ಲದಿದ್ದರೂ ಇದು ಹೊಸದಾಗಿ ಬರಬಹುದು.

ನಾವು ಏನು ಮಾಡಬೇಕು?

ಹತ್ತಿರ ಕೂತು ಕೇಳೋಣ: “ಮನಸ್ಸಿಗೆ ಹೆಂಗದ?” ಸಂಶಯ ಬಂದರೆ “ಸಾಯಬೇಕು ಅನ್ನಿಸ್ತದೇನು?” ಎಂದೂ ಕೇಳೋಣ. ಕೇಳಿದರೆ ಆ ವಿಚಾರ ಹುಟ್ಟುವುದಿಲ್ಲ. ಎದೆ ಹಗುರಾಗುತ್ತದೆ. ಹೌದು ಅಂದರೆ ಅವರನ್ನು ಒಬ್ಬರೇ ಬಿಡಬಾರದು.

ನಮ್ಮ ಧಾರವಾಡದಲ್ಲೇ ಡಿಮ್ಹಾನ್ಸ್ ಮಾನಸಿಕ ಆಸ್ಪತ್ರೆ ಇದೆ. ಹೋಗಲು ನಾಚಿಕೆ ಬೇಡ. 14416 ಕ್ಕೆ ಫೋನು ಮಾಡಿದರೆ ಹಗಲು ರಾತ್ರಿ ಮಾತಾಡುತ್ತಾರೆ. ದುಡ್ಡು ಕೊಡಬೇಕಿಲ್ಲ. ಸರ್ಕಾರ ಇದನ್ನು 2022ರಲ್ಲಿ ಶುರು ಮಾಡಿತು.

ಒಂದು ಎಚ್ಚರಿಕೆ. ಮನಸ್ಸಿನ ಕೆಲವು ಗುಳಿಗೆಗಳಿಂದ ರಕ್ತಸ್ರಾವ ಹೆಚ್ಚಬಹುದು. ಹಿಮೋಫಿಲಿಯಾ ಇದೆ ಎಂದು ಡಾಕ್ಟರಿಗೆ ಮೊದಲೇ ಹೇಳಬೇಕು. ಅವರು ಸರಿಯಾದ ಗುಳಿಗೆ ಆರಿಸುತ್ತಾರೆ. ನೋವಿಗೆ ಆಸ್ಪಿರಿನ್ ಗುಳಿಗೆ ನುಂಗಬಾರದು.

ದಾವಣಗೆರೆಯ ಡಾ. ಸುರೇಶ್ ಹನಗವಾಡಿ ಅವರಿಗೂ ಹಿಮೋಫಿಲಿಯಾ ಇದೆ. ಅವರು ಓದಿ ವೈದ್ಯರಾದರು. ಕರ್ನಾಟಕ ಹಿಮೋಫಿಲಿಯಾ ಸೊಸೈಟಿ ಕಟ್ಟಿ ಬೆಳೆಸಲು ದುಡಿದರು. ತಮ್ಮಂಥವರು ಒಂದೆಡೆ ಕೂಡಿದರೆ ಒಂಟಿತನ ಕಡಿಮೆಯಾಗುತ್ತದೆ. 2016ರ ಕಾಯ್ದೆ ಹಿಮೋಫಿಲಿಯಾವನ್ನು ಅಂಗವಿಕಲತೆಗಳ ಪಟ್ಟಿಗೆ ಸೇರಿಸಿದೆ. ಪ್ರಮಾಣಪತ್ರದ ಬಗ್ಗೆ ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸಿರಿ.

ಬಾವು ಇಳಿಯಲು ಸೂಜಿಮದ್ದು ಬೇಕು. ಮನಸ್ಸಿನ ಭಾರ ಇಳಿಯಲು ಔಷಧವೂ ಬೇಕು, ಮನೆಯವರ ಮಾತೂ ಬೇಕು.

ಓದಿರಿ, ಹೇಳಿರಿ:
1. ಹಿಮೋಫಿಲಿಯಾ ಅಂಟುರೋಗವೇ?
2. ಖಿನ್ನತೆಯ ಎರಡು ಗುರುತು ಯಾವುವು?
3. ಯಾವ ನಂಬರಿಗೆ ಫೋನು ಮಾಡಬೇಕು? ಬರೆಯಿರಿ.