ಹದಿನೈದು ನಿಮಿಷದ ಬಂದರು
(ಭೂಗೋಳ ಪಾಠಕ್ಕೆ ಪೂರಕ ಲೇಖನ)

‘ದೇಶ ಸುತ್ತಬೇಕು, ಕೋಶ ಓದಬೇಕು’ ಎಂಬ ಗಾದೆಯನ್ನು ನಾವೆಲ್ಲ ಬಲ್ಲೆವು. ಆದರೆ ದೇಶ ಸುತ್ತುವುದಕ್ಕೂ ಒಂದು ಕ್ರಮವಿದೆ ಎಂಬುದನ್ನು ಹಲವೊಮ್ಮೆ ಮರೆಯುತ್ತೇವೆ. ಕಳೆದ ವರ್ಷದ ಶಾಲಾ ಪ್ರವಾಸದಲ್ಲಿ ಬೇಕಲ ಕೋಟೆಯನ್ನು ನೋಡಲು ನಮಗೆ ದೊರೆತದ್ದು ಒಂದೇ ಗಂಟೆ. ಅದರಲ್ಲಿ ಅರ್ಧ ಗಂಟೆ, ಮೊದಲು ಎಲ್ಲಿಗೆ ಹೋಗುವುದೆಂಬ ಚರ್ಚೆಯಲ್ಲೂ ಐಸ್‌ಕ್ಯಾಂಡಿ ಕೊಳ್ಳುವುದರಲ್ಲೂ ಕಳೆದುಹೋಯಿತು. ಬಸ್ಸಿಗೆ ಮರಳಿದ ಮೇಲೆ, ಕೋಟೆಯೊಳಗಿನ ವೀಕ್ಷಣಾ ಗೋಪುರವನ್ನು ಏರಿ ಸಮುದ್ರವನ್ನು ನೋಡಿದವರು ಯಾರೆಂದು ಕೇಳಿದಾಗ ಮೇಲೆದ್ದ ಕೈಗಳು ಏಳು ಮಾತ್ರ! ಹೆತ್ತವರು ಹೊಟ್ಟೆಬಟ್ಟೆ ಕಟ್ಟಿ ಉಳಿಸಿದ ಹಣದಿಂದ ಮಕ್ಕಳನ್ನು ಪ್ರವಾಸಕ್ಕೆ ಕಳುಹಿಸುತ್ತಾರೆ. ತಪ್ಪು ಮಕ್ಕಳದಲ್ಲ; ಮುಂದಾಗಿ ಯೋಚಿಸದ ಅಧ್ಯಾಪಕರಾದ ನಮ್ಮದು.

ಆದುದರಿಂದ ಈ ವರ್ಷ ಭೂಗೋಳ ತರಗತಿಯಲ್ಲಿ ಒಂದು ಪ್ರಯೋಗ ಮಾಡಿದೆವು. ನಿಲುಗಡೆಗಳೇ ಬಹಳ ಚಿಕ್ಕದಾಗಿರುವ ಒಂದು ಪ್ರಯಾಣವನ್ನು ಆಯ್ದು, ನಕಾಶೆಯ ಮೇಲೆಯೇ ಅದನ್ನು ಕೈಗೊಂಡೆವು. ಅದು ಯುರೋಪಿನ ಉತ್ತರದಲ್ಲಿರುವ ನಾರ್ವೆಯ ಕರಾವಳಿ ಹಡಗಿನ ಪ್ರಯಾಣ.

ದಾರಿಯ ಪರಿಚಯ

ನಾರ್ವೆಯ ನೈಋತ್ಯದ ಬೆರ್ಗೆನ್ ಪಟ್ಟಣದಿಂದ ಹೊರಡುವ ಈ ಹಡಗು, ರಷ್ಯದ ಗಡಿಯ ಬಳಿಯಿರುವ ಕಿರ್ಕೆನೆಸ್‌ವರೆಗೆ ಹೋಗಿ ಹಿಂದಿರುಗುತ್ತದೆ. ನಡುವೆ ಅನೇಕ ಊರುಗಳನ್ನು ಮುಟ್ಟುವುದರಿಂದ, ಕೊನೆಯ ಎರಡು ಬಂದರುಗಳೂ ಸೇರಿ ಲೆಕ್ಕ 34 ಆಗುತ್ತದೆ. ಹೋಗಿಬರುವಷ್ಟರಲ್ಲಿ ಹನ್ನೆರಡನೆಯ ದಿನವಾಗುತ್ತದೆ. ಈ ಮಾರ್ಗಕ್ಕೆ ‘ಹುರ್ಟಿಗ್ರೂಟನ್’ ಎಂದು ಹೆಸರು; ‘ಶೀಘ್ರ ಮಾರ್ಗ’ ಎಂದು ಅದರ ಅರ್ಥ. ನಮ್ಮ ಕಾಸರಗೋಡು 12½ ಡಿಗ್ರಿ ಉತ್ತರ ಅಕ್ಷಾಂಶದಲ್ಲಿದ್ದರೆ, ಬೆರ್ಗೆನ್ 60 ಡಿಗ್ರಿಯಲ್ಲೂ ಕಿರ್ಕೆನೆಸ್ 70 ಡಿಗ್ರಿಯ ಸಮೀಪದಲ್ಲೂ ಇವೆ. ಅಷ್ಟು ಉತ್ತರದಲ್ಲಿಯೂ ಚಳಿಗಾಲದಲ್ಲಿ ಹಡಗು ನಡೆಯುವುದು ಹೇಗೆ? ಅಟ್ಲಾಂಟಿಕ್ ಸಾಗರದ ಬೆಚ್ಚನೆಯ ಪ್ರವಾಹವು ಈ ಕರಾವಳಿಯುದ್ದಕ್ಕೂ ಹರಿಯುವುದರಿಂದ ಇಲ್ಲಿನ ಕಡಲು ಹೆಪ್ಪುಗಟ್ಟುವುದಿಲ್ಲ.

ಆದರೆ ಬೆಚ್ಚನೆಯ ನೀರಿದ್ದರೆ ಸಾಲದು, ದಾರಿ ಕಾಣಬೇಕು. ಉತ್ತರಧ್ರುವ ವೃತ್ತದಾಚೆ ನಡುಚಳಿಗಾಲದಲ್ಲಿ ವಾರಗಟ್ಟಲೆ ಸೂರ್ಯನೇ ಮೇಲೇರುವುದಿಲ್ಲ. ದೀಪಸ್ತಂಭಗಳು ವಿರಳವಾಗಿದ್ದ ಆ ಕಾಲದಲ್ಲಿ, ಬಂಡೆಗಳ ನಡುವೆ ಕತ್ತಲಲ್ಲಿ ಹಡಗು ನಡೆಸಲು ಯಾರೂ ಒಪ್ಪುತ್ತಿರಲಿಲ್ಲ. ಕ್ಯಾಪ್ಟನ್ ರಿಚರ್ಡ್ ವಿತ್ ಎಂಬಾತ ಮಾತ್ರ ತನ್ನ ಪ್ರಯಾಣಗಳಲ್ಲಿ ಯಾವ ದಿಕ್ಕಿಗೆ, ಎಷ್ಟು ವೇಗದಲ್ಲಿ, ಎಷ್ಟು ಹೊತ್ತು ಸಾಗಿದೆವೆಂಬುದನ್ನು ತಪ್ಪದೆ ಬರೆದಿಟ್ಟಿದ್ದ. ಆ ಟಿಪ್ಪಣಿ, ಒಂದು ದಿಕ್ಸೂಚಿ, ಒಂದು ಗಡಿಯಾರ – ಇವುಗಳ ಬಲದಿಂದ 1893ರ ಜುಲೈ 2ರಂದು ‘ವೆಸ್ಟೆರೋಲೆನ್’ ಎಂಬ ಉಗಿಹಡಗನ್ನು ಟ್ರೋಂಡ್‌ಹೈಮ್‌ನಿಂದ ಹ್ಯಾಮರ್‌ಫೆಸ್ಟ್‌ಗೆ ನಡೆಸಿ ಈ ಮಾರ್ಗವನ್ನು ತೆರೆದ. ಅದುವರೆಗೆ ಚಳಿಗಾಲದಲ್ಲಿ ತಿಂಗಳುಗಟ್ಟಲೆ ಕಾಯಬೇಕಾಗಿದ್ದ ಕಾಗದಗಳು ಕೆಲವೇ ದಿನಗಳಲ್ಲಿ ತಲುಪತೊಡಗಿದವು. ಗಡಿಯಾರ ಮತ್ತು ನೋಟುಪುಸ್ತಕ ಪ್ರಯಾಣಿಕನಿಗೆ ಎಷ್ಟು ಮುಖ್ಯವೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕೆ?

ಮೊದಲು ಲೆಕ್ಕ, ಆಮೇಲೆ ನಡಿಗೆ

ಈ ಹಡಗು ಕೆಲವು ಪಟ್ಟಣಗಳಲ್ಲಿ ಮೂರುನಾಲ್ಕು ಗಂಟೆ ನಿಲ್ಲುತ್ತದೆ. ಹಲವು ಚಿಕ್ಕ ಊರುಗಳಲ್ಲಿ ಹದಿನೈದೇ ನಿಮಿಷ. ಹಿಂದೆ ಉಳಿದವರಿಗಾಗಿ ಅದು ಕಾಯುವುದಿಲ್ಲ. ಆದುದರಿಂದ ನಿಲುಗಡೆಯ ಹೊತ್ತನ್ನು ಮೂರು ಪಾಲು ಮಾಡಬೇಕು: ಹೋಗಿಬರುವ ಹೊತ್ತು, ಕೈಗಾವಲಿನ ಹೊತ್ತು, ನೋಡುವ ಹೊತ್ತು.

ಟ್ರೋಂಡ್‌ಹೈಮ್‌ನಲ್ಲಿ ಹಡಗು 3 ಗಂಟೆ ನಿಲ್ಲುವುದೆಂದು ಇಟ್ಟುಕೊಳ್ಳೋಣ. ಅಲ್ಲಿ ನೋಡತಕ್ಕದ್ದು, 1070ರ ಸುಮಾರಿಗೆ ಕಟ್ಟಲಾರಂಭಿಸಿದ ನಿದಾರೋಸ್ ಎಂಬ ಹಿರಿಯ ಇಗರ್ಜಿ. ನಡೆದುಹೋಗಲು ಅರ್ಧ ಗಂಟೆ, ಬರಲು ಅರ್ಧ ಗಂಟೆ. ಹಡಗು ಬಿಡುವ ಅರ್ಧ ಗಂಟೆ ಮೊದಲೇ ಧಕ್ಕೆಯಲ್ಲಿರಬೇಕು. ಉಳಿದದ್ದು 1½ ಗಂಟೆ. ನಮ್ಮ ವಿದ್ಯಾರ್ಥಿಗಳು ಮೊದಲ ಸಲ ತಯಾರಿಸಿದ ಪಟ್ಟಿಯಲ್ಲಿ ಇಗರ್ಜಿ, ವಸ್ತುಸಂಗ್ರಹಾಲಯ, ಹಳೆಯ ಸೇತುವೆ, ಪೇಟೆ ಎಲ್ಲವೂ ಇದ್ದುವು. ಲೆಕ್ಕ ಮಾಡಿದ ಮೇಲೆ ಇಗರ್ಜಿಯೂ ಅದರ ಬಳಿಯ ಸೇತುವೆಯೂ ಮಾತ್ರ ಉಳಿದುವು. ಎಲ್ಲವನ್ನೂ ನೋಡಹೊರಟವನು ಯಾವುದನ್ನೂ ನೋಡದೆ ಬರುತ್ತಾನೆ.

ಹೊತ್ತಷ್ಟೇ ಅಲ್ಲ, ವೇಳೆಯನ್ನೂ ತಿಳಿದಿರಬೇಕು. ಬೊಡೊ ಪಟ್ಟಣದಿಂದ ಸುಮಾರು 30 ಕಿಲೋಮೀಟರು ದೂರದಲ್ಲಿ ಸಾಲ್ಟ್‌ಸ್ಟ್ರೌಮೆನ್ ಎಂಬ ಇಕ್ಕಟ್ಟಾದ ಜಲಸಂಧಿಯಿದೆ. ಉಬ್ಬರವಿಳಿತದ ನೀರು ಅದರೊಳಗೆ ನುಗ್ಗುವಾಗ ದೊಡ್ಡ ದೊಡ್ಡ ಸುಳಿಗಳೇಳುತ್ತವೆ. ಜಗತ್ತಿನ ಅತಿ ಬಿರುಸಿನ ಉಬ್ಬರದ ಸೆಳೆತಗಳಲ್ಲಿ ಇದೂ ಒಂದು. ಸುಮಾರು ಆರು ಗಂಟೆಗೊಮ್ಮೆ ಸೆಳೆತದ ದಿಕ್ಕು ಬದಲಾಗುತ್ತದೆ. ಬದಲಾಗುವ ಆ ಹೊತ್ತಿಗೆ ಹೋದವನಿಗೆ ಕಾಣುವುದು ಸುಮ್ಮನೆ ಮಲಗಿದ ನೀರು! ನಮ್ಮ ಅಳಿವೆಬಾಗಿಲಿನ ಮೀನುಗಾರರು ಉಬ್ಬರದ ವೇಳೆ ನೋಡದೆ ದೋಣಿ ಇಳಿಸುವುದುಂಟೇ?

ಇನ್ನೊಂದು ಉಪಾಯವಿದೆ. ಉತ್ತರಕ್ಕೆ ಹೋಗುವಾಗ ನಡುರಾತ್ರಿ ಮುಟ್ಟಿದ ಹಲವು ಬಂದರುಗಳು ಮರಳುವಾಗ ಹಗಲಿನಲ್ಲಿ ಸಿಗುವಂತೆ ವೇಳಾಪಟ್ಟಿ ಮಾಡಿದ್ದಾರೆ. ಆದುದರಿಂದ ಎರಡೂ ದಿಕ್ಕಿನ ಪಟ್ಟಿಯನ್ನು ಎದುರಿಗಿಟ್ಟುಕೊಂಡು, ಯಾವುದನ್ನು ಹೋಗುವಾಗ, ಯಾವುದನ್ನು ಬರುವಾಗ ನೋಡುವುದೆಂದು ಮೊದಲೇ ಹಂಚಿಕೊಳ್ಳಬೇಕು.

ಒಂದು ಊರಿಗೆ ಒಂದು ಪ್ರಶ್ನೆ

ಹಡಗಿನಿಂದ ಇಳಿಯುವ ಮೊದಲೇ ಮನಸ್ಸಿನಲ್ಲಿ ಒಂದು ಪ್ರಶ್ನೆಯಿರಲಿ. ಓಲೆಸುಂಡ್ ಪಟ್ಟಣದ ನಡುಭಾಗದಲ್ಲಿ ಕಲ್ಲು, ಇಟ್ಟಿಗೆಗಳ ಚಂದದ ಮನೆಗಳು ಒಂದೇ ಶೈಲಿಯಲ್ಲಿ ಸಾಲಾಗಿ ನಿಂತಿವೆ. ಏಕೆ? 1904ರ ಜನವರಿ 23ರ ರಾತ್ರಿ ಬೆಂಕಿ ಬಿದ್ದು ಮರದ ಮನೆಗಳ ಆ ಪಟ್ಟಣ ಸುಟ್ಟುಹೋಯಿತು. ಸುಮಾರು 10,000 ಜನ ಮನೆಯಿಲ್ಲದವರಾದರು. ಮೂರು ವರ್ಷಗಳೊಳಗೆ ಹೊಸ ಪಟ್ಟಣ ಎದ್ದುನಿಂತಿತು. ಇದನ್ನು ತಿಳಿದು ಇಳಿದವನಿಗೆ ಪ್ರತಿ ಗೋಡೆಯೂ ಮಾತನಾಡುತ್ತದೆ. ಅಕ್ಸ್ಲಾ ಗುಡ್ಡದ 418 ಮೆಟ್ಟಲುಗಳನ್ನೇರಿದರೆ ಇಡೀ ಪಟ್ಟಣ ಕಣ್ಣೆದುರು ಹರಡುತ್ತದೆ.

ಹ್ಯಾಮರ್‌ಫೆಸ್ಟ್‌ನಲ್ಲಿ ಒಂದು ಕಂಬವಿದೆ. ಭೂಮಿಯ ಆಕಾರವನ್ನೂ ಗಾತ್ರವನ್ನೂ ತಿಳಿಯಲು ವಿಜ್ಞಾನಿ ಸ್ಟ್ರೂವ್ 1816ರಿಂದ 1855ರವರೆಗೆ, ಇಲ್ಲಿಂದ ಕಪ್ಪು ಸಮುದ್ರದ ಸಮೀಪದವರೆಗೆ ಸುಮಾರು 2,820 ಕಿಲೋಮೀಟರು ಉದ್ದದ ರೇಖೆಯನ್ನು ತ್ರಿಕೋನಗಳ ಮೂಲಕ ಅಳೆಯಿಸಿದ. ಅದರ ಉತ್ತರ ತುದಿಯ ಗುರುತು ಈ ಕಂಬ. ಅದೇ ಶತಮಾನದಲ್ಲಿ ನಮ್ಮ ದೇಶದಲ್ಲಿಯೂ ಅಂತಹುದೇ ಕೆಲಸ ನಡೆದಿತ್ತು. 1802ರಲ್ಲಿ ಮದರಾಸಿನಲ್ಲಿ ಲ್ಯಾಂಬ್ಟನ್ ಆರಂಭಿಸಿದ ಅಳತೆಯ ತ್ರಿಕೋನಗಳ ಸಾಲೊಂದು ಘಟ್ಟವನ್ನಿಳಿದು ಮಂಗಳೂರಿನ ಕರಾವಳಿಯನ್ನು ಮುಟ್ಟಿತು. ದೂರದ ಆ ಕಂಬಕ್ಕೂ ನಮ್ಮ ಕಡಲತೀರಕ್ಕೂ ಹೀಗೊಂದು ನಂಟು!

ಹದಿನೈದು ನಿಮಿಷದ ಪಾಠ

ಹಾಗಾದರೆ ಹದಿನೈದು ನಿಮಿಷದ ಬಂದರಿನಲ್ಲಿ ಏನು ಮಾಡುವುದು? ‘ಇಳಿಯುವುದೇ ಬೇಡ, ನಿದ್ದೆ ಮಾಡುವುದು’ ಎಂದನೊಬ್ಬ ಎಂಟನೆಯ ತರಗತಿಯ ವಿದ್ಯಾರ್ಥಿ. ಎಲ್ಲರೂ ನಕ್ಕರು. ಆದರೆ ಒಬ್ಬಳು ವಿದ್ಯಾರ್ಥಿನಿ ಎದ್ದು, ‘ನಮಗೆ ಅದು ಹದಿನೈದು ನಿಮಿಷ. ಆ ಊರಿನವರಿಗೆ?’ ಎಂದು ಕೇಳಿದಳು. ಆ ಪ್ರಶ್ನೆಯನ್ನು ನಾವು ಅಧ್ಯಾಪಕರೂ ಯೋಚಿಸಿರಲಿಲ್ಲ.

ರಸ್ತೆ, ವಿಮಾನಗಳು ಬಂದ ಮೇಲೂ ಈ ಹಡಗು ಪ್ರವಾಸಿಗಳನ್ನು ಮಾತ್ರವಲ್ಲ, ಸರಕನ್ನೂ ಊರಿಂದೂರಿಗೆ ಹೋಗುವ ಸ್ಥಳೀಯರನ್ನೂ ಒಯ್ಯುತ್ತದೆ. ಆ ಹದಿನೈದು ನಿಮಿಷಗಳಲ್ಲಿ ಹಗ್ಗ ಬಿಗಿಯುತ್ತಾರೆ, ಸರಕು ಇಳಿಸುತ್ತಾರೆ, ಏರಿಸುತ್ತಾರೆ. ಯಾರೋ ಬೀಳ್ಕೊಡುತ್ತಾರೆ, ಯಾರೋ ಎದುರುಗೊಳ್ಳುತ್ತಾರೆ. ಧಕ್ಕೆಯಲ್ಲಿ ಕೆಲಸಗಾರರಿಗೆ ಅಡ್ಡವಾಗದಂತೆ ನಿಂತು ನೋಡಿದರೆ ಆ ಊರಿನ ಬಾಳುವೆಯೇ ಕಾಣುತ್ತದೆ. ಯಾವ ಸರಕು ಇಳಿಯಿತು, ಯಾವುದು ಏರಿತು ಎಂದು ಎರಡು ಸಾಲು ಬರೆದುಕೊಂಡರೆ, ಊರಿಗೇನು ಬೇಕು, ಊರು ಏನನ್ನು ಕೊಡುತ್ತದೆ ಎಂಬ ಅರ್ಥಶಾಸ್ತ್ರದ ಪಾಠವೂ ಆಯಿತು.

ಬರುವ ಪ್ರವಾಸಕ್ಕೆ ನಾವು ಹೀಗೆ ಗೊತ್ತುಮಾಡಿದ್ದೇವೆ: ಪ್ರತಿ ವಿದ್ಯಾರ್ಥಿಯೂ ಪ್ರತಿ ಸ್ಥಳಕ್ಕೆ ಒಂದು ಪ್ರಶ್ನೆಯನ್ನು ಮನೆಯಿಂದಲೇ ಬರೆದು ತರಬೇಕು, ಉತ್ತರವನ್ನು ಅಲ್ಲಿ ಹುಡುಕಬೇಕು. ಹೆತ್ತವರು ಆ ಪುಸ್ತಕವನ್ನು ಮರುದಿನ ಕೇಳಿ ನೋಡಬೇಕಾಗಿ ವಿನಂತಿ. ಗೋಪುರ ಹತ್ತಿದ ಕೈಗಳೆಷ್ಟೆಂದು ಈ ಸಲವೂ ಎಣಿಸಲಿದ್ದೇವೆ.

ಅಭ್ಯಾಸ

1. ನಿಮ್ಮ ಬಸ್ಸು ಒಂದು ಊರಿನಲ್ಲಿ 2 ಗಂಟೆ ನಿಲ್ಲುತ್ತದೆ. ನೋಡಬೇಕಾದ ಸ್ಥಳಕ್ಕೆ 20 ನಿಮಿಷದ ನಡಿಗೆ. ಬಸ್ಸು ಬಿಡುವ 20 ನಿಮಿಷ ಮೊದಲು ಹಿಂದಿರುಗಬೇಕಾದರೆ, ನೋಡಲು ಉಳಿಯುವ ಹೊತ್ತೆಷ್ಟು?
2. ಭೂಪಟದಲ್ಲಿ ಬೆರ್ಗೆನ್, ಟ್ರೋಂಡ್‌ಹೈಮ್, ಬೊಡೊ, ಹ್ಯಾಮರ್‌ಫೆಸ್ಟ್, ಕಿರ್ಕೆನೆಸ್‌ಗಳನ್ನು ಗುರುತಿಸಿರಿ.
3. ನಿಮ್ಮ ಊರಿನ ಬಸ್ಸುನಿಲ್ದಾಣದಲ್ಲಿ ಹದಿನೈದು ನಿಮಿಷ ನಿಂತು, ಕಂಡದ್ದನ್ನು ಹತ್ತು ವಾಕ್ಯಗಳಲ್ಲಿ ಬರೆಯಿರಿ.